ಬಿಪಿ ನೋಡುವುದೂ ಒಂದು ಸಾಧನೆಯೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ವೈದ್ಯ ವಿದ್ಯಾರ್ಥಿಗಳು ವಾರವಾರ ನಡೆಸುವ ಉಚಿತ ಕ್ಲಿನಿಕ್ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಅದೇ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳು ಪಡೆದ ಪ್ರಶಸ್ತಿಗಳಿಗೆ ಮಾತ್ರ ಮೂಲೆಯಲ್ಲೊಂದು ಬಾಕ್ಸ್. ಹುಡುಗರು ಬಿಪಿ ನೋಡುವುದೂ ಒಂದು ಸಾಧನೆಯೇ? ದೊಡ್ಡವರ ಹೆಸರು ಕೇಳಿಯೇ ಅಲ್ವಾ ಮಕ್ಕಳು ಮುಂದೆ ಬರುವುದು? ನನ್ನ ಮಗ ಈಗ ಇಂಟರ್ನ್. ನಿಮ್ಮ ಲೇಖನ ಓದಿ ಅಂಥ ಕ್ಲಿನಿಕ್‌ಗೆ ಹೋಗುತ್ತೇನೆ ಅಂತ ಕೂತಿದ್ದಾನೆ. ಪಿಜಿ ಪರೀಕ್ಷೆಗೆ ಓದುವುದು ಯಾವಾಗ? (ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಸಿಟ್ಟಿನ ಹಿಂದೆ ಮಗನ ಚಿಂತೆಯೂ ಇದೆ. ಎರಡಕ್ಕೂ ಉತ್ತರ ಕೊಡುತ್ತೇನೆ.

ಮೊದಲು ನಿಮ್ಮ ಕಡೆಯ ನ್ಯಾಯ. ಹಳೆ ವಿದ್ಯಾರ್ಥಿಗೆ ದೊಡ್ಡ ಪ್ರಶಸ್ತಿ ಬಂದರೆ ಕಾಲೇಜು ಹೆಮ್ಮೆ ಪಡಬೇಕಾದದ್ದೇ. ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಂಡು ಸಂಜೆಗೆ ಗಾಡಿ ಹತ್ತುವ ಒಂದು ದಿನದ ಕ್ಯಾಂಪ್‌ಗಳನ್ನು ಕಂಡರೆ ನನಗೂ ಆಗುವುದಿಲ್ಲ. ಬಿಪಿ ಜಾಸ್ತಿ ಇದೆ ಎಂದು ಚೀಟಿ ಬರೆದುಕೊಟ್ಟು, ಆಮೇಲೆ ಯಾರೂ ಆ ಕಡೆ ತಲೆ ಹಾಕದಿದ್ದರೆ, ಕೊಟ್ಟದ್ದು ಹೆದರಿಕೆ ಮಾತ್ರ.

ಆದರೆ ಬಿಪಿ ನೋಡುವುದೂ ಒಂದು ಸಾಧನೆಯೇ ಎಂದು ಕೇಳಿದಿರಲ್ಲ, ಅದಕ್ಕೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ಒಬ್ಬ ಡಾಕ್ಟರ್ ಇದ್ದರು. ಕೇಂಬ್ರಿಡ್ಜ್‌ನಲ್ಲಿ ಓದಿದವರು. 1960ರ ದಶಕದ ಆರಂಭದಲ್ಲಿ ವೇಲ್ಸ್‌ನ ಗ್ಲಿನ್‌ಕೋರುಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಗೆ ಹೋಗಿ ಅಲ್ಲೇ ನೆಲೆ ನಿಂತರು. ಅವರು ಮಾಡಿದ್ದೇನು ಗೊತ್ತೇ? ಬಿಪಿ ನೋಡಿದರು! ಕಾಯಿಲೆ ಅಂತ ಬಂದವರದ್ದಷ್ಟೇ ಅಲ್ಲ, ಆರಾಮಾಗಿದ್ದೇನೆ ಎನ್ನುವವರದ್ದೂ. ಜಾಸ್ತಿ ಇದ್ದವರ ಬೆನ್ನು ಬಿಡದೆ ವರ್ಷಗಟ್ಟಲೆ ನೋಡಿಕೊಂಡರು. 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ. ಐವತ್ತು ವರ್ಷ ದಾಟಿದರೂ ಆರೋಗ್ಯದ ವಿಷಯ ಬರೆಯುವವರು ಇನ್ನೂ ಆ ಲೇಖನಕ್ಕೆ ಹಿಂತಿರುಗುತ್ತಾರೆ.

ನಾವು ಬರೆದ ಆ ಕ್ಲಿನಿಕ್‌ನಲ್ಲಿ ನಾನೂ ಒಂದು ಮಧ್ಯಾಹ್ನ ಕೂತಿದ್ದೆ. ವಯಸ್ಸಾದ ಹೆಂಗಸೊಬ್ಬರು ಮಾತ್ರೆಗಳ ಚೀಲವನ್ನೇ ತಂದು ಮೇಜಿನ ಮೇಲೆ ಸುರಿದರು. ತಲೆ ತಿರುಗುತ್ತದೆ, ಎದ್ದರೆ ಬಿದ್ದುಬಿಡುತ್ತೇನೆ ಅಂತ ಅವರ ದೂರು. ಇಂಟರ್ನ್ ಹುಡುಗಿ ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದುತ್ತಾ ಹೋದಳು. ಎರಡು ಸ್ಟ್ರಿಪ್‌ಗಳನ್ನು ಪಕ್ಕಕ್ಕೆ ಎತ್ತಿಟ್ಟಳು. ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧ ಒಂದೇ. ಇಬ್ಬರು ಡಾಕ್ಟರು ಬರೆದದ್ದು. ಅಜ್ಜಿ ಎರಡನ್ನೂ ತಪ್ಪದೆ ನುಂಗುತ್ತಿದ್ದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದಳು. ನಿಂತಾಗ ಇಳಿದುಹೋಗುತ್ತಿತ್ತು. ಹಿರಿಯ ಡಾಕ್ಟರನ್ನು ಕರೆದು ತೋರಿಸಿದಳು. ಅವರು ಮತ್ತೊಮ್ಮೆ ನೋಡಿ, ಒಂದು ಮಾತ್ರೆ ನಿಲ್ಲಿಸಿ, ಕೇಸ್ ಶೀಟ್‌ಗೆ ಸಹಿ ಹಾಕಿದರು. ಆಮೇಲೆ ಆ ಹುಡುಗಿ ಒಂದು ರಟ್ಟಿನ ಮೇಲೆ ಸೂರ್ಯ, ಚಂದ್ರ ಬರೆದು, ಬೆಳಗಿನ ಮಾತ್ರೆ ಸೂರ್ಯನ ಕೆಳಗೆ, ರಾತ್ರಿಯದ್ದು ಚಂದ್ರನ ಕೆಳಗೆ ಅಂಟಿಸಿ ಕೊಟ್ಟಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಈ ಹಿಂದೆ ನೋಡಿದ ಇಬ್ಬರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಇದಕ್ಕೆ ಯಾವ ಪದಕವೂ ಇಲ್ಲ. ಆದರೆ ಆ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದರೆ ಆಗುತ್ತಿದ್ದ ನಷ್ಟ ಎಷ್ಟು ಅಂತ ಯೋಚಿಸಿ.

ದೊಡ್ಡವರ ಹೆಸರು ಎಂದಿರಿ. ಸರಿ, ದೊಡ್ಡವರನ್ನೇ ನೋಡೋಣ. ಪಾಲ್ ಫಾರ್ಮರ್ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಹೆಸರಾಂತ ಹಳೆ ವಿದ್ಯಾರ್ಥಿ. ಡಾಕ್ಟರಾದದ್ದು 1990ರಲ್ಲಿ. ಅವರು ಗೆಳೆಯರೊಂದಿಗೆ ಪಾರ್ಟ್‌ನರ್ಸ್ ಇನ್ ಹೆಲ್ತ್ ಎಂಬ, ಬಡವರಿಗೆ ಚಿಕಿತ್ಸೆ ಕೊಡುವ ಸಂಸ್ಥೆ ಕಟ್ಟಿದ್ದು 1987ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ತರಗತಿಗೂ ಹೈಟಿಯ ಕಾಂಜ್ ಎಂಬ ಬಡ ಹಳ್ಳಿಗೂ ಓಡಾಡುತ್ತಲೇ ಓದು ಮುಗಿಸಿದರು. ಕಾಂಗೋದ ಡಾಕ್ಟರ್ ಡೆನಿಸ್ ಮುಕ್ವೆಗೆ ಅವರಿಗೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬುರುಂಡಿಯಲ್ಲಿ ವೈದ್ಯಕೀಯ ಓದಿ, ಕಾಂಗೋದ ಲೆಮೆರಾ ಎಂಬ ಹಳ್ಳಿಯ ಆಸ್ಪತ್ರೆಗೆ ಹೋದ ಹುಡುಗ ಅವರು. ಹೆರಿಗೆಯಲ್ಲಿ ಹೆಂಗಸರು ಪಡುವ ಪಾಡು ಕಂಡಿದ್ದು ಅಲ್ಲಿ. ಅದಾದ ಮೇಲೆ ಫ್ರಾನ್ಸಿಗೆ ಹೋಗಿ ಹೆರಿಗೆ ಶಾಸ್ತ್ರ ಕಲಿತು, ವಾಪಸ್ ಬಂದರು. ಇವರ ಪ್ರಶಸ್ತಿಗಳನ್ನು ಗೋಡೆಗೆ ಹಾಕುತ್ತೇವೆ, ಅವರು ಕಲಿತ ಜಾಗ ಬರೆಯುವುದಿಲ್ಲ. ನಮ್ಮ ಲೇಖನದಲ್ಲಿದ್ದದ್ದು ಆ ಜಾಗ.

ಇನ್ನು ರ‍್ಯಾಂಕಿಂಗ್ ಎಂಬ ಪಿಡುಗಿನ ಬಗ್ಗೆ ಹೇಳದೆ ಇರಲಾರೆ. ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ, 2003ರಿಂದ ಬರುತ್ತಿರುವ ಶಾಂಘೈ ರ‍್ಯಾಂಕಿಂಗ್‌ನಲ್ಲಿ ಹಳೆ ವಿದ್ಯಾರ್ಥಿಗಳಿಗೆ ನೂರರಲ್ಲಿ 10 ಅಂಕ. ಆ ಅಂಕ ಸಿಗುವುದು ನೊಬೆಲ್ ಅಥವಾ ಗಣಿತದ ಫೀಲ್ಡ್ಸ್ ಪದಕ ಗೆದ್ದರೆ ಮಾತ್ರ. ಕ್ಯಾಥರೀನ್ ಹ್ಯಾಮ್ಲಿನ್ 1946ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಿಂದ ಹೊರಬಂದ ವೈದ್ಯೆ. 1959ರಲ್ಲಿ ಗಂಡನ ಜೊತೆ ಇಥಿಯೋಪಿಯಾಗೆ ಹೋದರು. ದಿನಗಟ್ಟಲೆ ಹೆರಿಗೆ ನೋವು ತಿಂದು, ಮಗುವನ್ನೂ ಕಳೆದುಕೊಂಡು, ಸದಾ ಮೂತ್ರ ಸೋರುವ ಫಿಸ್ಟುಲಾದಿಂದ ಮನೆಯವರಿಂದಲೇ ದೂರವಾದ ಹೆಂಗಸರಿಗಾಗಿ 1974ರಲ್ಲಿ ಅಡಿಸ್ ಅಬಾಬಾದಲ್ಲಿ ಆಸ್ಪತ್ರೆ ಕಟ್ಟಿದರು. 2020ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಊರು. ಆ ಲೆಕ್ಕದಲ್ಲಿ ಅವರ ವಿಶ್ವವಿದ್ಯಾಲಯಕ್ಕೆ ಅವರಿಂದ ಸಿಕ್ಕ ಅಂಕ ಸೊನ್ನೆ. ಇಂಥ ಲೆಕ್ಕ ನೋಡಿ ಕುಲಪತಿಗಳು ಯೋಜನೆ ಹಾಕುತ್ತಾರೆ, ತಂದೆ ತಾಯಿ ಸೀಟು ಹುಡುಕುತ್ತಾರೆ!

ಬೇರೆ ಥರ ಲೆಕ್ಕ ಹಾಕಿದವರೂ ಇದ್ದಾರೆ. 1976ರಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯ ಲೇಟೆ ದ್ವೀಪದಲ್ಲಿ ಆರೋಗ್ಯ ವಿಜ್ಞಾನದ ಒಂದು ಶಾಲೆ ತೆರೆಯಿತು. ಅಲ್ಲಿಗೆ ಮಕ್ಕಳನ್ನು ಆರಿಸಿ ಕಳಿಸುವುದು ಅವರ ಊರಿನವರೇ. ಮೊದಲು ಸೂಲಗಿತ್ತಿಯ ಕೆಲಸ ಕಲಿಯಬೇಕು, ಊರಿಗೆ ಹೋಗಿ ದುಡಿಯಬೇಕು. ಊರಿನವರು ಒಪ್ಪಿದರೆ ನರ್ಸಿಂಗ್, ಮತ್ತೆ ಊರು, ಆಮೇಲೆ ಡಾಕ್ಟರ್ ಓದು. ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ 1972ರಲ್ಲಿ ಶುರುವಾಯಿತು. ಓದು ಮುಗಿಸಿ 9 ವರ್ಷ ತಮ್ಮ ಪ್ರಾಂತ್ಯದಲ್ಲಿ ದುಡಿದರೆ ಫೀಸಿನ ಸಾಲ ಮನ್ನಾ. ಬಹುಪಾಲು ಜನ ಆ ಮಾತು ಉಳಿಸಿಕೊಂಡಿದ್ದಾರೆ.

ಹಾಗಂತ ಸೇವೆ ಎಂಬ ಹೆಸರಿನಲ್ಲಿ ಕಲಿಯುವ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಾನು ಒಪ್ಪುವವನಲ್ಲ. ಮೆಕ್ಸಿಕೋದಲ್ಲಿ 1936ರಿಂದ ವೈದ್ಯ ವಿದ್ಯಾರ್ಥಿಗಳ ಸಮಾಜ ಸೇವೆ ನಡೆದುಬಂದಿದೆ, ಡಾಕ್ಟರೇ ಕಾಣದ ಹಳ್ಳಿಗಳಿಗೆ ಅದರಿಂದ ವೈದ್ಯರು ಸಿಕ್ಕರು. ಆದರೆ ಮೇಲೆ ಹಿರಿಯರಿಲ್ಲದೆ ಒಂಟಿಯಾಗಿ ಬಿಡುತ್ತಾರೆ ಎಂಬ ದೂರೂ ಅಲ್ಲಿಂದಲೇ ಕೇಳಿಬರುತ್ತದೆ. ನಿದ್ದೆಗೆಟ್ಟ ರೆಸಿಡೆಂಟ್‌ಗೆ ಇನ್ನೊಂದು ಡ್ಯೂಟಿ ಹಾಕಿ ಅದನ್ನು ತ್ಯಾಗ ಎಂದು ಹೊಗಳುವವರ ಮೇಲೆ ನನಗೆ ಬರುವ ಸಿಟ್ಟು, ನಿಮ್ಮ ಪತ್ರದ ಮೇಲೆ ಬಂದ ಸಿಟ್ಟಿಗಿಂತ ಬಹಳ ಜಾಸ್ತಿ.

ಈಗ ನಿಮ್ಮ ಮಗನ ವಿಷಯ. ಅವನು ಹೋಗಬೇಕು ಅಂದಿದ್ದೇ ನನಗೆ ಖುಷಿ, ಅಂಥ ಮನಸ್ಸು ಮನೆಯಲ್ಲಿ ಬೆಳೆಯದೆ ಬರುವುದಿಲ್ಲ. ಹೋಗುವ ಮೊದಲು ಎರಡು ವಿಷಯ ವಿಚಾರಿಸಲಿ. ಪ್ರತಿ ರೋಗಿಯನ್ನೂ ಹಿರಿಯ ಡಾಕ್ಟರ್ ಖುದ್ದಾಗಿ ನೋಡುತ್ತಾರೆಯೇ? ಇವತ್ತು ಬಂದ ರೋಗಿಯ ಕೇಸ್ ಶೀಟ್ ಮುಂದಿನ ವಾರ ಬಂದವರ ಕೈಗೆ ಸಿಗುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ವಾರಕ್ಕೊಂದು ಮಧ್ಯಾಹ್ನ ಬಿಟ್ಟುಕೊಡಿ. ಇಲ್ಲ ಎಂದಾದರೆ ಮನೆಯಲ್ಲೇ ಕೂತು ಓದಲಿ, ನಿಮ್ಮ ಮಾತೇ ಸರಿ. ಪರೀಕ್ಷೆಗೆ ಇನ್ನು ಒಂದೆರಡು ತಿಂಗಳಷ್ಟೇ ಇದ್ದರೆ ಬಿಡುವು ತೆಗೆದುಕೊಳ್ಳಲಿ, ಆದರೆ ಹಾಗಂತ ಕ್ಲಿನಿಕ್‌ನಲ್ಲಿ ಮೊದಲೇ ಹೇಳಿ, ತನ್ನ ರೋಗಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಬರಲಿ.

ಪ್ರಶಸ್ತಿಗಳ ಬಾಕ್ಸ್ ಮುಂದಿನ ಸಂಚಿಕೆಯಲ್ಲೂ ಅಷ್ಟೇ ಇರುತ್ತದೆ.

— ಸಂ.