ಕೊಲಾಯ್ಡಲ್ ಸಿಲ್ವರ್ ಕುಡಿದರೆ ಜ್ವರ, ಸೋಂಕು ಬರುವುದಿಲ್ಲವೇ? ಗಲ್ಫಿನಿಂದ ಬಂದ ನೆಂಟರು ಒಂದು ಬಾಟಲಿ ಕೊಟ್ಟಿದ್ದಾರೆ. (ಬದಿಯಡ್ಕ, ಕಾಸರಗೋಡು)

ದಯವಿಟ್ಟು ಕುಡಿಯಬೇಡಿ. ಕುಡಿದರೆ ಯಾವುದೇ ಕಾಯಿಲೆ ವಾಸಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಇದು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಹೇಳಿದೆ.

ಅದು ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರು, ಅಷ್ಟೇ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುವುದು ನಿಜ. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಮುಲಾಮಿನಲ್ಲಿ ಇರುವುದೂ ಅದೇ. ಆದರೆ ಗಾಯದ ಮೇಲೆ ಹಚ್ಚುವುದು ಬೇರೆ, ಹೊಟ್ಟೆಗೆ ಹಾಕುವುದು ಬೇರೆ ಅಲ್ವಾ?

ನಮ್ಮ ದೇಹಕ್ಕೆ ಬೆಳ್ಳಿಯಿಂದ ಯಾವ ಕೆಲಸವೂ ಇಲ್ಲ. ದಿನಾ ಕುಡಿದರೆ ಪೂರ್ತಿ ಹೊರಗೆ ಹೋಗದೆ ಚರ್ಮದಲ್ಲಿ ಕೂತುಬಿಡುತ್ತದೆ. ಅಲ್ಲಿ ಬಿಸಿಲು ತಾಗಿ, ಹಳೆಯ ಫೋಟೋ ಫಿಲ್ಮಿನ ಹಾಗೆ ಕಪ್ಪಾಗುತ್ತದೆ. ಮುಖ, ಉಗುರು, ವಸಡು ಬೂದು-ನೀಲಿಗೆ ತಿರುಗುತ್ತವೆ. ಇದಕ್ಕೆ ಆರ್ಜಿರಿಯಾ ಎನ್ನುತ್ತಾರೆ. ಕುಡಿಯುವುದನ್ನು ಬಿಟ್ಟರೂ ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ.

ನಮ್ಮ ಕಡೆಯವರು ಇನ್ನೊಂದು ವಿಷಯ ಗಮನಿಸಲೇಬೇಕು. ಮಳೆಗಾಲದಲ್ಲಿ ತೋಟ, ಗದ್ದೆಯ ನೀರಿಗಿಳಿಯುವವರಿಗೆ ಇಲಿಜ್ವರ ಬಾರದಂತೆ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಬೆಳ್ಳಿ ನೀರು ಇಂಥ ಮಾತ್ರೆ ಮೈಗೆ ಹತ್ತದಂತೆ ತಡೆಯಬಹುದು. ಥೈರಾಯ್ಡ್ ಮಾತ್ರೆಗೂ ಇದೇ ತೊಂದರೆ. ಅಂದರೆ ನಿಜವಾಗಿ ಕಾಪಾಡುವ ಮದ್ದನ್ನೇ ಇದು ದುರ್ಬಲ ಮಾಡುತ್ತದೆ. ನನಗೆ ಜಾಸ್ತಿ ಭಯ ಇದರದ್ದೇ.

ಈಗಾಗಲೇ ಕುಡಿದಿದ್ದರೆ ಇವತ್ತೇ ನಿಲ್ಲಿಸಿ. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಬಾಟಲಿ ತೋರಿಸಿ.