ಫೈಲಿಗಾಗಿ ಇನ್ನೊಂದ್ಸಲ ಓದು

ಸೆಪ್ಟೆಂಬರ್ 5 ಕಳೆದ ಮೇಲೆ ಒಂದಷ್ಟು ದಿನ ಆಪ್ತಸಲಹೆಗೆಂದು ನನ್ನ ಬಳಿ ಒಂದೇ ಬಗೆಯ ದೂರು ಹೊತ್ತವರು ಬರುತ್ತಾರೆ. ಸರ್ಕಾರಿ ಶಾಲೆಯ ಶಿಕ್ಷಕರು, ಹೆಚ್ಚಿನವರು ನಲವತ್ತು ದಾಟಿದವರು. ನಿದ್ದೆ ಇಲ್ಲ, ತಲೆನೋವು, ಮನೆಯಲ್ಲಿ ಸುಮ್ಮಸುಮ್ಮನೆ ರೇಗಾಟ. ಕೆದಕುತ್ತಾ ಹೋದರೆ ಕೊನೆಗೆ ಸಿಗುವುದು ಉತ್ತಮ ಶಿಕ್ಷಕ ಪ್ರಶಸ್ತಿಯ ಪಟ್ಟಿ.

ಸುಮಾ ಟೀಚರ್ ಎಂದಿಟ್ಟುಕೊಳ್ಳೋಣ. ಹೆಸರು, ಊರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದೆ. ಬಯಲುಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆ, ನಲಿಕಲಿ ಕೊಠಡಿ ಇವರದು (ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ), ಜೊತೆಗೆ ಒಬ್ಬ ಅತಿಥಿ ಶಿಕ್ಷಕಿ. ಪಕ್ಕದೂರಿನ ಸಹೋದ್ಯೋಗಿಗೆ ಜಿಲ್ಲಾ ಪ್ರಶಸ್ತಿ ಬಂತು, ಇವರ ಅರ್ಜಿ ಎರಡನೇ ಸಲವೂ ಬಿದ್ದುಹೋಯಿತು. "ಇನ್ಮೇಲೆ ಸಂಬಳಕ್ಕೆಷ್ಟೋ ಅಷ್ಟೇ ಕೆಲಸ" ಎಂದು ತೀರ್ಮಾನಿಸಿಯೇ ಬಂದಿದ್ದರು.

ಮೊದಲು ನೋಡಬೇಕಾದದ್ದು ಖಿನ್ನತೆ ಇದೆಯೇ ಎಂದು. ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕೇ ಬೇಡ ಎನಿಸಿದರೆ ಅದು ಪ್ರಶಸ್ತಿಯ ಮಾತಲ್ಲ, ಮನೋವೈದ್ಯರನ್ನು ಕಾಣಬೇಕು. ತಕ್ಷಣಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇವರಿಗೆ ಹಾಗಿರಲಿಲ್ಲ. ತಂಗಿ ಮಗಳ ಮದುವೆಯ ಓಡಾಟದಲ್ಲಿ ಉಮೇದು ಬೇಕಾದಷ್ಟಿತ್ತು; ಬತ್ತಿದ್ದು ಶಾಲೆಯ ಗೇಟಿನೊಳಗೆ ಮಾತ್ರ.

ಮುಂದಿನ ಭೇಟಿಗೆ ಅರ್ಜಿಯ ಫೈಲನ್ನೇ ತನ್ನಿ ಎಂದೆ. ದಪ್ಪನೆಯ ಸ್ಪೈರಲ್ ಬೈಂಡಿಂಗ್. ದಾನಿಗಳು ಕೊಡಿಸಿದ ನೀರಿನ ಫಿಲ್ಟರಿನ ರಸೀದಿ, ಮಕ್ಕಳ ಸಂತೆ, ವನಮಹೋತ್ಸವ, ಪೇಪರಿನ ತುಣುಕುಗಳು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಪತ್ರ. "ಪಾಠ ಮಾಡಿದ್ದು ಎಲ್ಲಿದೆ?" ಎಂದು ಕೇಳಿದೆ. ಹಾಳೆ ಮಗುಚಿ ಮಗುಚಿ ಒಂದು ಫೋಟೊ ತೋರಿಸಿದರು, ಹುಡುಗನೊಬ್ಬ ಓದುವ ಕಾರ್ಡು ಹಿಡಿದಿದ್ದ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು:

"ಇವನು ಎಷ್ಟು ತಿಂಗಳಾದ್ರೂ ಒತ್ತಕ್ಷರದ ಮೆಟ್ಟಿಲು ದಾಟಿರ್ಲಿಲ್ಲ ಮೇಡಂ. ಅವತ್ತು 'ಅಜ್ಜಿ ಅಕ್ಕಿ ಆರಿಸಿದಳು' ಅಂತ ತಾನೇ ಓದ್ಬಿಟ್ಟ. ನಾನು, ತಡಿ ಮೊಬೈಲ್ ತರ್ತೀನಿ, ಇನ್ನೊಂದ್ಸಲ ಓದು ಅಂದೆ. ಎರಡನೇ ಸಲ ಕಾರ್ಡ್ ನೋಡ್ಲೇ ಇಲ್ಲ. ಮೊಬೈಲ್ ನೋಡ್ಕೊಂಡು ಬಾಯಿಪಾಠ ಒಪ್ಪಿಸ್ದ."

"ಮೊದಲ ಸಲ ಓದಿ ಮುಗಿಸಿ ಯಾರನ್ನ ನೋಡಿದ?"

"ನನ್ನನ್ನೇ."

ಆ ದಿನ ಮಾತು ಹೆಚ್ಚು ಬೆಳೆಯಲಿಲ್ಲ, ಬೆಳೆಸಲೂ ಇಲ್ಲ. ಆ ಹುಡುಗನಿಗೂ ಮನ್ನಣೆ ಬೇಕಿತ್ತು. ತಾನು ಎಲ್ಲಿ ಎಡವುತ್ತಿದ್ದೆ ಎಂದು ಗೊತ್ತಿದ್ದ ಒಬ್ಬರಿಂದ ಅದು ಬೇಕಿತ್ತು. ಅಲ್ಲಿಂದಾಚೆಗಿನ ಸಲಹೆಗಳೆಲ್ಲ ಈ ಒಂದು ಎಳೆ ಹಿಡಿದೇ ಹೊರಟವು.

ಇಂಥವರಿಗೆ "ಫಲಾಪೇಕ್ಷೆ ಬಿಡಿ" ಎಂದು ಬುದ್ಧಿ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಆ ಉಪದೇಶ ಬರುವುದು ಹೆಚ್ಚಾಗಿ ಶಾಲು ಹೊದ್ದು ಹಾರ ಹಾಕಿಸಿಕೊಂಡವರ ಬಾಯಿಂದ, ಅದನ್ನು ಕೇಳಿಸಿಕೊಳ್ಳುವವರು ಶಿಕ್ಷಕಿಯರು, ನರ್ಸುಗಳು, ಆಶಾ ಕಾರ್ಯಕರ್ತೆಯರು. 1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿದಾಗ, ಕೆಲಸದಲ್ಲಿ ಹುರುಪು ತಂದ ಪ್ರಸಂಗಗಳಲ್ಲಿ ಸಾಧನೆಯ ನಂತರದ ಸ್ಥಾನ ಮನ್ನಣೆಗೇ ಇತ್ತು. ಆದರೆ ಬರೀ ಮನ್ನಣೆಯ ಹುರುಪು ಬೇಗ ಆರುತ್ತದೆ, ಕೆಲಸದ ರುಚಿ ಮತ್ತು ಜವಾಬ್ದಾರಿ ಕೊಟ್ಟದ್ದು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದನ್ನೂ ಅವರು ಕಂಡರು. 1973ರ ಇನ್ನೊಂದು ಪ್ರಯೋಗ ಇಲ್ಲಿ ಇನ್ನೂ ಹತ್ತಿರದ್ದು. ಚಿತ್ರ ಬರೆಯುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳಿಗೆ, ಬರೆದರೆ ಸರ್ಟಿಫಿಕೇಟು ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಆಮೇಲೆ ತಮ್ಮ ಪಾಡಿಗೆ ಬಿಟ್ಟಾಗ ಆ ಮಕ್ಕಳು ಚಿತ್ರ ಬರೆದದ್ದು ಉಳಿದವರ ಅರ್ಧದಷ್ಟು ಹೊತ್ತು. ಹೇಳದೆ ಕೊನೆಗೆ ಸರ್ಟಿಫಿಕೇಟು ಕೊಟ್ಟ ಮಕ್ಕಳ ಆಸಕ್ತಿ ಕುಗ್ಗಲಿಲ್ಲ. ಲೆಪ್ಪರ್, ಗ್ರೀನ್, ನಿಸ್ಬೆಟ್ ಮಾಡಿದ್ದು.

ನಲಿಕಲಿಯಲ್ಲಿ ಇದು ಇನ್ನೂ ತೊಡಕು. ಒಂದೊಂದು ಮಗುವೂ ಒಂದೊಂದು ಮೆಟ್ಟಿಲಲ್ಲಿ ಇರುತ್ತದೆ, 'ತಟ್ಟೆ' ಎಂದು ಕರೆಯುವ ಒಂದೊಂದು ಗುಂಪಿನಲ್ಲೂ ಒಂದೊಂದು ಕೆಲಸ ನಡೆದಿರುತ್ತದೆ. ಹತ್ತು ನಿಮಿಷಕ್ಕೆ ಬಂದು ಹೋಗುವವರಿಗೆ ಕಾಣುವುದು ಬರೀ ಗದ್ದಲ. ಒಳ್ಳೆಯ ಕೆಲಸ ಕಣ್ಣಿಗೆ ಬೀಳದ ಕಡೆ ಫೋಟೊಕ್ಕೆ ಒದಗುವ ಕೆಲಸ ಮೇಲೇಳುತ್ತದೆ.

ಅರ್ಜಿ ಹಾಕಬೇಡಿ ಎನ್ನಲಿಲ್ಲ. ಹಾಕಿ, ಆದರೆ ಫೈಲಿಗೆ ತಿಂಗಳಿಗೆ ಒಂದೇ ಸಂಜೆ, ಅದೂ ಮನೆಯಲ್ಲಿ. ಫೋಟೊ ತೆಗೆಯುವುದಿದ್ದರೆ ಕೆಲಸ ಮುಗಿದ ಮೇಲೆ, ಯಾವ ಮಗುವಿಗೂ ಇನ್ನೊಂದ್ಸಲ ಎನ್ನಕೂಡದು.

ಇನ್ನು ದಿನಾ ಗಂಟೆ ಹೊಡೆದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು: ಯಾವ ಮಗು, ಯಾವ ಮೆಟ್ಟಿಲಲ್ಲಿ ನಿಂತಿತ್ತು, ನಾನು ಏನು ಬದಲಿಸಿದೆ. ಮನಸ್ಸಿಗೆ ಏನನ್ನಿಸಿತು ಎಂದು ಬರೆಯುವುದು ಬೇಡ. ಅದನ್ನು ಬರೆಯಹೊರಟರೆ ಎರಡನೇ ವಾರದಲ್ಲೇ ಪ್ರಶಸ್ತಿ ಬಂದವರ ಹೆಸರು ನುಸುಳುತ್ತದೆ.

ಮೂರನೆಯದೇ ಕಷ್ಟದ್ದು, ಕೇಳಿ ಪಡೆಯುವುದು. "ನನ್ನ ಕ್ಲಾಸ್ ಹೇಗಿದೆ ಸರ್?" ಎಂದರೆ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) "ಚೆನ್ನಾಗಿದೆ ಮೇಡಂ, ಮುಂದುವರಿಸಿ" ಎಂದು ಸಹಿ ಹಾಕಿ ಹೋಗುತ್ತಾರೆ, ಅದು ಯಾರ ಹೊಟ್ಟೆಯನ್ನೂ ತುಂಬಿಸದು. "ಈ ನಾಲ್ಕು ಮಕ್ಕಳು ಸಜಾತಿ ಒತ್ತಕ್ಷರ ಓದ್ತಾರೆ, ವಿಜಾತಿ ಬಂದ್ರೆ ನಿಲ್ತಾರೆ. ಕಾಲು ಗಂಟೆ ಕೂತು ನೋಡಿ, ನಾನು ಮಾಡ್ತಿರೋದ್ರಲ್ಲಿ ಯಾವುದು ಸರಿ, ಯಾವುದು ಬಿಡಬೇಕು ಹೇಳಿ" ಎಂದು ಕೇಳಬೇಕು. ಮೊದಲ ಸಲ ಸುಮಾ ಟೀಚರ್ ಹೀಗೆ ಕೇಳಿದಾಗ ಸಿಆರ್‌ಪಿಗೆ ಮೀಟಿಂಗಿಗೆ ಹೊತ್ತಾಗಿತ್ತು. ಹಾಗಾದಾಗ ಕೆಲಸ ಬಲ್ಲ ಇನ್ನೊಬ್ಬರನ್ನು ಹುಡುಕಿಕೊಳ್ಳಿ ಎಂಬುದೂ ಸಲಹೆಯಲ್ಲೇ ಇತ್ತು. ನಿವೃತ್ತರಾದ ಒಬ್ಬ ನಲಿಕಲಿ ಶಿಕ್ಷಕಿ ಬಂದು ಕೂತರು, ಎರಡು ತಪ್ಪು ತೋರಿಸಿದರು. ತಪ್ಪು ತೋರಿಸಿಕೊಂಡೂ ಸುಮಾ ಟೀಚರ್ ಆ ವಾರ ಚೆನ್ನಾಗಿ ನಿದ್ದೆ ಮಾಡಿದರಂತೆ.

ಮುಖ್ಯ ಶಿಕ್ಷಕರಿಗೆ, ಮೇಲಧಿಕಾರಿಗಳಿಗೂ ಒಂದು ಮಾತು. ತಪಾಸಣಾ ಪುಸ್ತಕದಲ್ಲಿ "ತೃಪ್ತಿಕರ" ಎಂದು ಗೀಚುವ ಬದಲು ಒಂದು ವಾಕ್ಯ ಬರೆಯಿರಿ: "ಮೂರನೇ ತರಗತಿಯ ನಾಲ್ವರಿಗೆ ಪದಗಳನ್ನು ಬಿಡಿಸಿ ಚಪ್ಪಾಳೆ ತಟ್ಟಿ ಓದಿಸಿದ್ದು ನೋಡಿದೆ, ಮೂವರು ಈಗ ತಾವೇ ಓದುತ್ತಾರೆ." ನೋಡಿದ ದಿನವೇ ಬರೆಯಿರಿ. ಸಭೆಯಲ್ಲಿ ಎದ್ದು ನಿಲ್ಲಿಸಿ "ಇವರನ್ನು ನೋಡಿ ಕಲೀರಿ" ಎನ್ನಬೇಡಿ. ಮರುದಿನದಿಂದ ಸ್ಟಾಫ್ ರೂಮಿನಲ್ಲಿ ಅವರ ಜೊತೆ ಯಾರೂ ಮಾತಾಡುವುದಿಲ್ಲ.

ಕೊನೆಯ ಭೇಟಿಯಲ್ಲಿ ಕೇಳಿದ್ದು ಅತಿಥಿ ಶಿಕ್ಷಕಿಯ ಬಗ್ಗೆ. ಗೌರವಧನಕ್ಕೆ ದುಡಿಯುವ ಆ ಹುಡುಗಿಗೆ ಇವರು ಇದುವರೆಗೆ ಏನು ಹೇಳಿದ್ದಾರೆ? ಏನೂ ಹೇಳಿರಲಿಲ್ಲ. ಮುಂದಿನ ಸೋಮವಾರ ಹೇಳಬೇಕಾದದ್ದನ್ನು ನಾವಿಬ್ಬರೂ ಕೂತು, ಯಾವ ಮಗು, ಯಾವ ಕಾರ್ಡು ಎಂಬುದೂ ಬರುವಂತೆ, ಒಂದು ಚೀಟಿಯಲ್ಲಿ ಬರೆದೆವು.