ಹಳೆಯ ಕೈಗಡಿಯಾರವನ್ನು ತಯಾರಿಸಿದ ಕಂಪನಿಗೇ ಕಳುಹಿಸಬೇಕೇ?

ನಿಮ್ಮ ತಾತನವರ 1960ರ ದಶಕದ ಸ್ವಿಸ್ ಕೈಗಡಿಯಾರವನ್ನು ಅದನ್ನು ತಯಾರಿಸಿದ ಕಂಪನಿಗೇ ಸರ್ವೀಸಿಗೆ ಕೊಡುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ನನ್ನ ತಂದೆಯವರದನ್ನು ಹಾಗೆ ಕಳುಹಿಸಿ ಏಳು ತಿಂಗಳು ಕಾದವನು ನಾನು. ಅವಸರಪಡಬೇಡಿ ಎಂದೇ ಹೇಳುತ್ತೇನೆ.

ತಂದೆಯವರದು ದಿನವೂ ಕೀ ಕೊಡಬೇಕಾದ, 17 ಜ್ಯುವೆಲ್‌ಗಳ (ಒಳಗಿನ ಚಕ್ರಗಳು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳು) ಸಾಧಾರಣ ಗಡಿಯಾರ. ಒಳಗಿನ ಎಣ್ಣೆ ಒಣಗಿ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು, ಅಷ್ಟೆ. ಬಿಚ್ಚಿ, ತೊಳೆದು, ಎಣ್ಣೆ ಹಾಕಿದರೆ ಮುಗಿಯುವ ಕೆಲಸ. ಆದರೆ ಮೂರನೆಯ ತಿಂಗಳು ಕಂಪನಿಯಿಂದ ಬಂದ ಅಂದಾಜು ಪಟ್ಟಿಯಲ್ಲಿ ಡಯಲ್, ಮುಳ್ಳುಗಳು, ಗಾಜು, ಎಲ್ಲವೂ ಹೊಸವು, ಸಾಲದ್ದಕ್ಕೆ ಕೇಸಿಗೆ ಪಾಲಿಶ್. ಆ ಮೊತ್ತಕ್ಕೆ ಅಂಥವೇ ಎರಡು ಹಳೆಯ ಗಡಿಯಾರಗಳು ಬರುತ್ತಿದ್ದವು. ಡಯಲನ್ನು ಮುಟ್ಟದೆ ಉಳಿದದ್ದನ್ನು ಮಾಡಿಕೊಡಿ ಎಂದು ಬರೆದರೆ, ಪೂರ್ಣ ಸರ್ವೀಸ್ ಮಾಡಿಸದಿದ್ದರೆ ಗ್ಯಾರಂಟಿ ಕೊಡಲಾಗದು, ಗ್ಯಾರಂಟಿಯಿಲ್ಲದ ಕೆಲಸವನ್ನು ಕೈಗೊಳ್ಳಲಾಗದು ಎಂಬ ಉತ್ತರ ಬಂತು. ಬಿಚ್ಚಿದ ಹಳೆಯ ಡಯಲನ್ನಾದರೂ ಹಿಂತಿರುಗಿಸುವಿರಾ ಎಂದರೆ ಅದೂ ಇಲ್ಲ. ಆ ಡಯಲಿನ ಮೇಲೆ ಮೂರು ಗಂಟೆಯ ಗುರುತಿನ ಪಕ್ಕ, ಕೀ ಕೊಡುವ ತಿರುಪಿನ ಸಂದಿಯಿಂದ ಒಳಗಿಳಿದ ಬೆವರಿನ ಕಂದು ಕಲೆಯಿದೆ. ಅವರ ಪಾಲಿಗೆ ಅದು ದೋಷ; ನನಗೆ ಅದು ತಂದೆಯವರ ಬೆವರು.

ಹಾಗೆಂದು ಕಂಪನಿಯವರ ಹಿಂಜರಿಕೆಯೆಲ್ಲ ಹುರುಳಿಲ್ಲದ್ದಲ್ಲ. ಹಿಂದೆ ಕತ್ತಲಲ್ಲಿ ಹೊಳೆಯಲೆಂದು ಕೆಲವು ಡಯಲುಗಳಿಗೆ ವಿಕಿರಣ ಸೂಸುವ ರೇಡಿಯಂ ಬಳಿಯುತ್ತಿದ್ದರು. ಹೊಳಪು ಎಂದೋ ಆರಿಹೋಗಿದ್ದರೂ ರೇಡಿಯಂನ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1,600 ವರ್ಷವಾದ್ದರಿಂದ ಅಂಥದ್ದನ್ನು ಬಿಚ್ಚಲು ಅಂಜಿದರೆ ತಪ್ಪೆನ್ನಲಾರೆ. ನಮ್ಮದರಲ್ಲಿ ಅದಿರಲಿಲ್ಲ.

ಹೊರಗೆ ರಿಪೇರಿ ಮಾಡಿಸುವುದಕ್ಕೂ ಒಂದು ತೊಡಕಿದೆ. ಹಲವು ಸ್ವಿಸ್ ಕಂಪನಿಗಳು ಬಿಡಿಭಾಗಗಳನ್ನು ತಮ್ಮ ಅಧಿಕೃತ ರಿಪೇರಿಯವರಿಗಷ್ಟೇ ಕೊಡುತ್ತವೆ. ಇದರ ವಿರುದ್ಧ ಸ್ವತಂತ್ರ ರಿಪೇರಿಯವರ ಒಕ್ಕೂಟವು 2004ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟು, ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕೊನೆಗೆ 2017ರಲ್ಲಿ ನ್ಯಾಯಾಲಯ ಕಂಪನಿಗಳಿಗೆ ಅನುಕೂಲವಾಗುವಂತೆಯೇ ತೀರ್ಪಿತ್ತಿತು. ಭಾಗ ಮುರಿದಿದ್ದರೆ ಈ ಕಷ್ಟ. ಬರಿಯ ಎಣ್ಣೆಯ ಕೆಲಸಕ್ಕೆ ಇದು ಅಡ್ಡಬರುವುದಿಲ್ಲ.

ನಾನು ಸಾಗಣೆಯ ಖರ್ಚು ತೆತ್ತು ಹಿಂದಕ್ಕೆ ತರಿಸಿಕೊಂಡೆ. ಚಿಕ್ಕಪೇಟೆಯ ಹಿರಿಯ ರಿಪೇರಿಯವರೊಬ್ಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಡಯಲ್ ಹಾಗೇ ಇರಲಿ ತಾನೇ?" ಎಂದು ತಾವೇ ಕೇಳಿದರು. ಹತ್ತು ದಿನಕ್ಕೆ ಸರಿಯಾಯಿತು.

ಕಂಪನಿಗೇ ಕಳುಹಿಸುವುದಾದರೆ, ಪಾಲಿಶ್ ಬೇಡ, ಡಯಲು ಮುಳ್ಳುಗಳನ್ನು ಬದಲಿಸಕೂಡದು, ಬಿಚ್ಚಿದ ಭಾಗಗಳು ಹಿಂತಿರುಗಬೇಕು ಎಂಬುದಕ್ಕೆ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆಯೇ ಪಾರ್ಸೆಲ್ ಕಟ್ಟಿ.